ಹಿಂದಿನ ಚಕ್ರ ನೇರ ಕೂರಿಸಲು ಗೆರೆ ಸಾಕಾ, ದಾರ ಬೇಕಾ, ಲೇಸರ್ ಬೇಕಾ?

ಪುಣೆಯ ಮಳೆ ಮುಗಿಯೋ ಹೊತ್ತಿಗೆ ಬೈಕಿನ ಚೈನ್ ಸಡಿಲಾಗಿ ಕವರ್‌ಗೆ ಬಡಿಯತೊಡಗುತ್ತದೆ. ಬಿಗಿ ಮಾಡೋದು ಸುಲಭ. ಹಿಂದಿನ ಆಕ್ಸಲ್ (ಚಕ್ರದ ಅಚ್ಚು) ನಟ್ ಸಡಿಲಿಸಿ, ಚಕ್ರವನ್ನು ಹಿಂದಕ್ಕೆ ಸರಿಸುವ ಎರಡೂ ಕಡೆಯ ಅಡ್ಜಸ್ಟರ್ ತಿರುಗಿಸಿದರೆ ಆಯ್ತು. ಚಕ್ರ ನೇರ ಇದೆಯಾ ಅಂತ ಗೊತ್ತು ಮಾಡಿಕೊಳ್ಳೋದೇ ತಲೆನೋವು. ಕಾತ್ರಜ್‌ನ ನಮ್ಮ ಸೊಸೈಟಿ ಪಾರ್ಕಿಂಗಿನಲ್ಲಿ ಮೂರು ದಾರಿ ಹಿಡಿದು ನೋಡಿದೆ.

ಸ್ವಿಂಗ್‌ಆರ್ಮ್ ಅಂದರೆ ಹಿಂದಿನ ಚಕ್ರ ಹಿಡಿದಿರುವ ತೋಳು, ಅದರ ಮೇಲಿನ ಗೆರೆಗಳನ್ನು ಎಲ್ಲರೂ ನೋಡುತ್ತಾರೆ. ಎರಡೂ ಕಡೆ ಒಂದೇ ಗೆರೆಗೆ ತಂದರೆ ಮುಗಿಯಿತು. ಬೇಗ ಆಗುತ್ತದೆ, ಖರ್ಚಿಲ್ಲ. ಆದರೆ ಗೆರೆಯೇ ದಪ್ಪ, ಅಡ್ಜಸ್ಟರ್ ಪ್ಲೇಟ್ ಬೇರೆ ಸ್ವಲ್ಪ ಅಲ್ಲಾಡುತ್ತದೆ. ಪೂರ್ತಿ ನಂಬೋ ಹಾಗಿಲ್ಲ.

ಲೇಸರ್ ಸಾಧನ ಗೆಳೆಯನದು. ಹಿಂದಿನ ಸ್ಪ್ರಾಕೆಟ್‌ಗೆ (ಚೈನ್ ಕೂರುವ ಹಲ್ಲಿನ ಚಕ್ರ) ಕಚ್ಚಿಸಿದರೆ ಕೆಂಪು ಬೆಳಕು ಚೈನ್ ಉದ್ದಕ್ಕೂ ಬೀಳುತ್ತದೆ. ಮುಂದೆ ಹೋದಂತೆ ಬೆಳಕು ಒಂದು ಬದಿಗೆ ಜಾರಿದರೆ ಚಕ್ರ ಓರೆ. ನೋಡೋಕೆ ಮಜಾ. ಆದರೆ ಹಗಲಲ್ಲಿ ಸರಿಯಾಗಿ ಕಾಣಲ್ಲ, ಸ್ಪ್ರಾಕೆಟ್ ಮೇಲೆ ಗ್ರೀಸ್ ಕೆಸರು ಕೂತಿದ್ದರೆ ಬೆಳಕೇ ಓರೆ. ವರ್ಷಕ್ಕೆ ನಾಲ್ಕಾರು ಸಲದ ಕೆಲಸಕ್ಕೆ ದುಡ್ಡು ಹಾಕಿ ಕೊಳ್ಳುವಂಥದ್ದಲ್ಲ.

ನನಗೆ ಹಿಡಿಸಿದ್ದು ದಾರ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಹಿಂದಿನ ಟೈರ್‌ಗೆ ಹಿಂದಿನಿಂದ ದಾರ ಸುತ್ತಿ, ಎರಡೂ ತುದಿಗಳನ್ನು ಮುಂದಿನ ಟೈರ್ ಆಚೆಗೆ ಎಳೆಯಬೇಕು. ದಾರ ಹಿಂದಿನ ಟೈರ್‌ನ ಎರಡೂ ಅಂಚಿಗೆ ಸುಮ್ನೆ ತಾಗಬೇಕು, ಒತ್ತಬಾರದು. ನನ್ನ ಗಾಡಿಯ ಮುಂದಿನ ಟೈರ್ ಅಗಲ 90 ಎಂಎಂ, ಹಿಂದಿನದು 120. ಹಾಗಾಗಿ ಮುಂದೆ ಎರಡೂ ಕಡೆ ಸುಮಾರು 15 ಎಂಎಂ ಸಂದು ಬರಬೇಕು. ಲೆಕ್ಕಕ್ಕಿಂತ ಮುಖ್ಯ, ಎರಡೂ ಕಡೆ ಒಂದೇ ಇರೋದು. ಇದಕ್ಕೆ ಇನ್ನೊಬ್ಬರು ಬೇಕೇ ಬೇಕು. ಪಕ್ಕದ ಮನೆಯ ಗದಗದ ಹುಡುಗ ದಾರ ಹಿಡಿದು, "ಅಣ್ಣಾ, ಹ್ಯಾಂಡಲ್ ನೆಟ್ಟಗ ಹಿಡೀರಿ, ಸಂದು ಬದಲಾಗಾಕತ್ತೈತಿ" ಅಂತ ಗದರುತ್ತಿದ್ದ. ಅವನದೇ ಸರಿ, ಹ್ಯಾಂಡಲ್ ಒಂಚೂರು ತಿರುಗಿದರೂ ಅಳತೆ ಸುಳ್ಳು.

ದಾರದಲ್ಲಿ ನೇರವಾದಾಗ ನನ್ನ ಗಾಡಿಯ ಗೆರೆಗಳು ಎಡಬಲ ಒಂದೇ ಇರಲಿಲ್ಲ. ಆ ವ್ಯತ್ಯಾಸ ಬರೆದಿಟ್ಟುಕೊಂಡೆ. ಈಗ ದಾರ ಹೊರಗೆ ತೆಗೆಯೋದು ಟೈರ್ ಬಿಚ್ಚಿದಾಗ ಮಾತ್ರ. ಉಳಿದಂತೆ ಆ ವ್ಯತ್ಯಾಸ ಉಳಿಸಿಕೊಂಡು ಗೆರೆ, ಮತ್ತೆ ಎರಡೂ ಅಡ್ಜಸ್ಟರ್‌ಗೆ ಒಂದೇ ತಿರುವು. 8 ಎಂಎಂ ಬೋಲ್ಟ್‌ನ ಪಿಚ್ (ಒಂದು ಪೂರ್ತಿ ಸುತ್ತಿಗೆ ನಟ್ ಸರಿಯುವ ದೂರ) ಸಾಮಾನ್ಯವಾಗಿ 1.25 ಎಂಎಂ. ಅಂದರೆ ನಟ್‌ನ ಆರು ಮುಖಗಳಲ್ಲಿ ಒಂದು ಮುಖ ತಿರುಗಿಸಿದರೆ ಚಕ್ರ ಸರಿಯೋದು 0.2 ಎಂಎಂ ಅಷ್ಟೇ.

ಚೈನ್ ಎಲ್ಲ ಕಡೆ ಒಂದೇ ಸಮ ಸವೆಯಲ್ಲ. ಚಕ್ರ ತಿರುಗಿಸುತ್ತಾ ಹೋಗಿ, ಜಾಸ್ತಿ ಬಿಗಿ ಇರೋ ಜಾಗದಲ್ಲೇ ಸಡಿಲ, ಅಂದರೆ ಚೈನ್ ಮೇಲೆ ಕೆಳಗೆ ಎಷ್ಟು ಆಡುತ್ತದೆ ಅನ್ನೋದನ್ನು, ಅಳೆಯಿರಿ. ಸಾಮಾನ್ಯ ಗಾಡಿಗಳಿಗೆ 20ರಿಂದ 30 ಎಂಎಂ. ನಿಮ್ಮ ಗಾಡಿಯದು ಮ್ಯಾನುಯಲ್‌ನಲ್ಲಿರುತ್ತದೆ. ಆಕ್ಸಲ್ ನಟ್ ಬಿಗಿಯುವಾಗ ಚಕ್ರ ಮತ್ತೆ ಸರಿಯುತ್ತದೆ, ಬಿಗಿದ ಮೇಲೆ ಇನ್ನೊಮ್ಮೆ ನೋಡಲೇಬೇಕು. ಹಿಂದೆ ಡ್ರಮ್ ಬ್ರೇಕ್ ಇದ್ದರೆ ಚಕ್ರ ಹಿಂದೆ ಸರಿದಷ್ಟೂ ಬ್ರೇಕ್ ರಾಡ್ ಬಿಗಿಯಾಗುತ್ತದೆ. ಪೆಡಲ್ ಒತ್ತಿ ನೋಡಿ, ರಾಡ್‌ನ ನಟ್ ಅಷ್ಟು ಸಡಿಲಿಸಿ.