ಸಾಂಬಾ, ಎನ್‌ಎಫ್‌ಎಸ್, ಎಸ್‌ಎಫ್‌ಟಿಪಿ: ಕನ್ನಡ ಹೆಸರಿನ ಫೈಲುಗಳಿಗೆ ಯಾವುದು ಒಗ್ಗಿತು?

ನಾನು ಕಂಪ್ಯೂಟರ್ ನೋಡಿಕೊಳ್ಳುವ ಡಿಟಿಪಿ ಕಚೇರಿಯಲ್ಲಿ ಒಂದು ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಸರ್ವರ್ ಇದೆ, ಐದು ವಿಂಡೋಸ್ ಕಂಪ್ಯೂಟರ್ ಇವೆ. ಪುಸ್ತಕದ ಫೈಲುಗಳೆಲ್ಲ ಸರ್ವರಿನಲ್ಲಿರುತ್ತವೆ. ಹೆಸರುಗಳೂ ಕನ್ನಡದಲ್ಲೇ: ‘ಮೂರನೇ ಕರಡು’, ‘ಹೊಸ ಮುಖಪುಟ’. ಆ ಫೋಲ್ಡರನ್ನು ಐವರೂ ತೆರೆದು ಕೆಲಸ ಮಾಡಬೇಕು. ಅದಕ್ಕಾಗಿ ಮೂರು ದಾರಿಗಳನ್ನು ಒಂದೊಂದಾಗಿ ಹಿಡಿದು ನೋಡಿದೆ.

ಮೊದಲು ಎಸ್‌ಎಫ್‌ಟಿಪಿ, ಅಂದರೆ ದೂರದಿಂದ ಸರ್ವರಿಗೆ ಸುರಕ್ಷಿತವಾಗಿ ಸೇರುವ ಎಸ್‌ಎಸ್‌ಎಚ್ ಮೂಲಕ ಫೈಲು ಕಳಿಸಿ ತರಿಸುವ ದಾರಿ. ಸರ್ವರಿನಲ್ಲಿ ಎಸ್‌ಎಸ್‌ಎಚ್ ಮೊದಲೇ ಓಡುತ್ತಿತ್ತು. ವಿಂಡೋಸ್‌ನಲ್ಲಿ ವಿನ್‌ಎಸ್‌ಸಿಪಿ ಎಂಬ ತಂತ್ರಾಂಶ ಹಾಕಿದೆ, 22ನೇ ಪೋರ್ಟ್, ಅಷ್ಟೇ. ಕನ್ನಡ ಹೆಸರುಗಳು ಸರಿಯಾಗಿ ಕಂಡವು. ತೊಂದರೆ ಆಮೇಲೆ ಗೊತ್ತಾಯಿತು. ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಅದರ ಒಂದು ಪ್ರತಿ ನಮ್ಮ ಕಂಪ್ಯೂಟರಿಗೆ ಇಳಿಯುತ್ತದೆ. ಸೇವ್ ಮಾಡಿದಾಗ ಅದು ಸರ್ವರಿಗೆ ವಾಪಸ್ ಹೋಗುತ್ತದೆ. ಅದೇ ಫೈಲನ್ನು ಇನ್ನೊಬ್ಬರು ತೆರೆದಿದ್ದಾರೆ ಅಂತ ಯಾರಿಗೂ ತಿಳಿಯುವುದಿಲ್ಲ. ಒಂದು ಮಧ್ಯಾಹ್ನ ಇಬ್ಬರು ಒಂದೇ ಕರಡನ್ನು ತಿದ್ದಿದರು. ಕೊನೆಗೆ ಸೇವ್ ಮಾಡಿದವರದ್ದು ಉಳಿಯಿತು, ಮೊದಲಿನವರ ಮೂರು ಗಂಟೆಯ ಕೆಲಸ ಹೋಯಿತು. ಅವರ ಮುಖ ನೋಡಿ ನನಗೆ ತುಂಬಾ ಬೇಜಾರಾಯಿತು. ಒಬ್ಬರೇ ಮನೆಯಿಂದ ಫೈಲು ತರಿಸಿಕೊಳ್ಳಲು ಈಗಲೂ ಇದನ್ನೇ ಬಳಸುತ್ತೇನೆ. ಹಂಚಿಕೊಂಡು ಮಾಡುವ ಕೆಲಸಕ್ಕೆ ಬೇಡ.

ಎನ್‌ಎಫ್‌ಎಸ್ ಮೇಲೆ ನನಗೆ ಜಾಸ್ತಿ ಆಸೆ ಇತ್ತು. ಬೇರೆ ಕಂಪ್ಯೂಟರಿನ ಫೋಲ್ಡರನ್ನು ನಮ್ಮದೇ ಎಂಬಂತೆ ತೆರೆಯುವ ಈ ವ್ಯವಸ್ಥೆ 1984ರಲ್ಲಿ ಸನ್ ಕಂಪನಿಯವರು ತಂದದ್ದು, ಲಿನಕ್ಸ್‌ನ ಹಿರಿಯ ಯೂನಿಕ್ಸ್ ಮನೆಯದ್ದೇ ಮಗು. ವಿಂಡೋಸ್ ಪ್ರೊ ಇದ್ದ ಕಂಪ್ಯೂಟರುಗಳಲ್ಲಿ ‘ಕ್ಲೈಂಟ್ ಫಾರ್ ಎನ್‌ಎಫ್‌ಎಸ್’ ಆನ್ ಮಾಡಿದೆ. ಹೋಮ್ ಆವೃತ್ತಿಯಲ್ಲಿ ಅದು ಇಲ್ಲ, ಹಾಗಾಗಿ ಒಂದು ಕಂಪ್ಯೂಟರ್ ಅಲ್ಲೇ ಹೊರಗುಳಿಯಿತು. ಮಿಕ್ಕವುಗಳಲ್ಲಿ ಫೋಲ್ಡರ್ ತೆರೆಯಿತು, ಆದರೆ ಏನೂ ಬರೆಯಲು ಬಿಡಲಿಲ್ಲ. ನಾನು ಬಳಸಿದ ರೀತಿಯಲ್ಲಿ ಎನ್‌ಎಫ್‌ಎಸ್ ಪಾಸ್‌ವರ್ಡ್ ಕೇಳುವುದಿಲ್ಲ, ಬಳಕೆದಾರರ ನಂಬರ್ ನೋಡುತ್ತದೆ. ವಿಂಡೋಸ್ ಸುಮ್ನೆ ಮೈನಸ್ 2 ಅಂತ ಹೇಳಿಕೊಂಡು ಹೋಗುತ್ತದೆ. ಆ ನಂಬರಿನವರು ಸರ್ವರಿಗೆ ಗೊತ್ತೇ ಇಲ್ಲ. ವಿಂಡೋಸಿನ ಸೆಟ್ಟಿಂಗುಗಳಿರುವ ರಿಜಿಸ್ಟ್ರಿಯಲ್ಲಿ ‘ಅನಾನಿಮಸ್ ಯುಐಡಿ’ (ಬಳಕೆದಾರರ ನಂಬರ್), ‘ಅನಾನಿಮಸ್ ಜಿಐಡಿ’ (ಗ್ರೂಪಿನ ನಂಬರ್) ಎಂಬ ಎರಡು ನಮೂದು ಸೇರಿಸಿ, ಸರ್ವರಿಗೆ ಗೊತ್ತಿರುವ 1000 ಎಂಬ ನಂಬರ್ ಕೊಟ್ಟ ಮೇಲೆ ಬರೆಯಲು ಬಂತು. ಆದರೆ ಆಗ ಎಲ್ಲರೂ ಒಬ್ಬರೇ ಆಗಿಬಿಟ್ಟರು. ಯಾವ ಫೈಲು ಯಾರದ್ದು ಅಂತ ಹೇಳಲಾಗದು.

ನನ್ನನ್ನು ನಿಲ್ಲಿಸಿದ್ದು ಹೆಸರುಗಳು. ‘ಮೂರನೇ ಕರಡು’ ಇರಬೇಕಾದ ಕಡೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಸರ್ವರ್ ಹೆಸರನ್ನು ಯುಟಿಎಫ್-8ರಲ್ಲಿ (ಎಲ್ಲ ಭಾಷೆಯ ಅಕ್ಷರಗಳಿಗೂ ಜಾಗವಿರುವ ಯೂನಿಕೋಡಿನ ಒಂದು ರೂಪ) ಕಳಿಸುತ್ತದೆ, ವಿಂಡೋಸಿನ ಈ ಕ್ಲೈಂಟ್ ಅದನ್ನು ಹಳೆಯ ಕೋಡ್ ಪೇಜ್ (ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ಪಟ್ಟಿ) ಹಿಡಿದು ಓದುತ್ತದೆ. ಕನ್ನಡಕ್ಕೆ ಅಂಥ ಹಳೆಯ ಕೋಡ್ ಪೇಜೇ ಇಲ್ಲ. ರೀಜನ್ ಸೆಟ್ಟಿಂಗಿನಲ್ಲಿ ಯುಟಿಎಫ್-8ಗೆ ಬೀಟಾ ಎಂಬ ಒಂದು ಟಿಕ್ ಇದೆ. ಹಾಕಿದೆ, ಹೆಸರು ಸರಿಯಾಯಿತು. ಆದರೆ ಆ ಟಿಕ್ ಇಡೀ ವಿಂಡೋಸಿಗೆ ಅನ್ವಯಿಸುತ್ತದೆ. ಯೂನಿಕೋಡ್ ಇಲ್ಲದ ಹಳೆಯ ತಂತ್ರಾಂಶಗಳು ಅದರಿಂದ ಕೆಡಬಹುದು. ಹಳೆಯ ಫಾಂಟುಗಳಲ್ಲಿ ಪುಟ ಕಟ್ಟುವ ನಮ್ಮ ಕೆಲಸ ನಿಂತಿರುವುದೇ ಅವುಗಳ ಮೇಲೆ ಅಲ್ವಾ? ಟಿಕ್ ತೆಗೆದೆ, ಎನ್‌ಎಫ್‌ಎಸ್ ಅನ್ನೂ ಬಿಟ್ಟೆ.

ಕೊನೆಗೆ ಉಳಿದದ್ದು ಸಾಂಬಾ. ಯೂನಿಕ್ಸ್ ಸರ್ವರಿಗೆ ವಿಂಡೋಸಿನ ಭಾಷೆಯನ್ನೇ ಕಲಿಸುವ ಈ ತಂತ್ರಾಂಶದ ಮೊದಲ ಆವೃತ್ತಿ 1992ರಲ್ಲಿ ಬಂತು, ಬರೆದವರು ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್. ವಿಂಡೋಸ್‌ನಲ್ಲಿ ಬೇರೆ ಏನೂ ಹಾಕಬೇಕಿಲ್ಲ, ಹೋಮ್ ಆವೃತ್ತಿಯಲ್ಲೂ ನಡೆಯುತ್ತದೆ. ಒಬ್ಬರು ಫೈಲು ತೆರೆದಿದ್ದರೆ ಅದಕ್ಕೆ ಬೀಗ ಬೀಳುತ್ತದೆ. ಕನ್ನಡ ಹೆಸರು ಕನ್ನಡದಲ್ಲೇ ಕಾಣುತ್ತದೆ.

ಸುಲಭವಾಗಿ ಬಂತು ಅಂತಲ್ಲ, ಮೂರರಲ್ಲಿ ಜಾಸ್ತಿ ಒದ್ದಾಡಿದ್ದು ಇದರ ಜೊತೆಗೇ. ಆದರೂ ಎಲ್ಲಿ ತಪ್ಪಾಗಿದೆ ಅಂತ ಇದು ಹೇಳುತ್ತದೆ, ಅದಕ್ಕೇ ನನಗೆ ಇಷ್ಟ. ಎಕ್ಸ್‌ಪ್ಲೋರರ್ ತೋರಿಸುವ ಸಂದೇಶವನ್ನು ಬಿಟ್ಟುಬಿಡಿ. ಕಮಾಂಡ್ ಪ್ರಾಂಪ್ಟ್ ತೆರೆದು ‘ನೆಟ್ ಯೂಸ್’ ಜೊತೆ ಫೋಲ್ಡರಿನ ವಿಳಾಸ ಕೊಡಿ, ತಪ್ಪಿನ ನಂಬರ್ ಸಿಗುತ್ತದೆ. 53 ಬಂದರೆ ಸರ್ವರ್ ತನಕ ತಲುಪೇ ಇಲ್ಲ: ಐಪಿ ವಿಳಾಸ ಹಾಕಿ ನೋಡಿ, ಫೈರ್‌ವಾಲ್‌ನಲ್ಲಿ 445ನೇ ಪೋರ್ಟ್ ತೆರೆದಿದೆಯಾ ನೋಡಿ. 1326 ಅಂದರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪು. ನಾನು ಇಲ್ಲೇ ಎಡವಿದ್ದು. ಲಿನಕ್ಸ್ ಪಾಸ್‌ವರ್ಡ್ ಇದ್ದರೆ ಸಾಲದು, ಸಾಂಬಾಗೆ ಬೇರೆಯಾಗಿ ಕೊಡಬೇಕು. 1219 ಬಂದರೆ ಅದೇ ಸರ್ವರಿಗೆ ಇನ್ನೊಂದು ಹೆಸರಿನಲ್ಲಿ ಮೊದಲೇ ಸೇರಿಕೊಂಡಿದ್ದೀರಿ, ಹಳೆಯ ಸಂಪರ್ಕ ಅಳಿಸಿ. 5 ಬಂದರೆ ಒಳಗೆ ಹೋಗಿದ್ದೀರಿ, ಅನುಮತಿ ಇಲ್ಲ. ಸಾಂಬಾ ಬರೆಯಲು ಬಿಟ್ಟರೂ ಲಿನಕ್ಸ್ ಫೋಲ್ಡರ್ ಬಿಡದಿದ್ದರೆ ಆಗುವುದಿಲ್ಲ. ಐವರನ್ನೂ ಒಂದೇ ಗ್ರೂಪಿಗೆ ಸೇರಿಸಿ ಫೋಲ್ಡರಿಗೆ 2775 ಎಂಬ ಅನುಮತಿ (ಗ್ರೂಪಿನವರೆಲ್ಲ ಬರೆಯಬಹುದು, ಹೊಸ ಫೈಲೂ ಅದೇ ಗ್ರೂಪಿನದ್ದಾಗುತ್ತದೆ) ಕೊಟ್ಟೆ, ಸಾಂಬಾದಲ್ಲೂ ಅದೇ ಗ್ರೂಪ್ ಬರೆದೆ.

ಒಂದು ತೊಂದರೆ ಮಾತ್ರ ಮೂರರಲ್ಲೂ ಬರುತ್ತದೆ. ಉದ್ದದ ಕನ್ನಡ ಹೆಸರಿದ್ದ ಒಂದು ಫೈಲು ವಿಂಡೋಸ್‌ನಲ್ಲಿ ಚೆನ್ನಾಗಿಯೇ ಇತ್ತು, ಸರ್ವರಿಗೆ ಮಾತ್ರ ಹೋಗಲೇ ಇಲ್ಲ. ಸರ್ವರಿನ ಇಎಕ್ಸ್‌ಟಿ4 (ಲಿನಕ್ಸ್ ಫೈಲು ಜೋಡಿಸಿಡುವ ಒಂದು ಕ್ರಮ) ಡಿಸ್ಕಿನಲ್ಲಿ ಒಂದು ಹೆಸರಿಗೆ 255 ಬೈಟ್ ಮಾತ್ರ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಅಂದರೆ 85 ಸಂಕೇತಕ್ಕೆ ಜಾಗ ಮುಗಿಯಿತು. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ 6 ಸಂಕೇತ (ಸ, ತ, ರ, ಅವನ್ನು ಕೂಡಿಸುವ ಎರಡು ಗುರುತು, ಒಂದು ಈಕಾರ), 18 ಬೈಟ್. ಪುಸ್ತಕದ ಹೆಸರು, ಲೇಖಕರ ಹೆಸರು, ತಾರೀಖು ಎಲ್ಲ ಸೇರಿಸಿ ಬರೆದಿದ್ದರು. ಲೇಖಕರ ಹೆಸರನ್ನು ಫೋಲ್ಡರಿಗೆ ಇಟ್ಟು, ಫೈಲಿಗೆ ‘ಕರಡು 3’ ಅಂತ ಹಾಕಿ ಮತ್ತೆ ಎಳೆದೆ. ಹೋಯಿತು.