ಚಿತ್ರವೇ ಉಳಿಯದ ಹತ್ಯೆಗಳು: ಮನಸ್ಸಿನಲ್ಲಿ ಉಳಿದ ಮೂರು ಸಾಕ್ಷ್ಯಚಿತ್ರಗಳ ಹೋಲಿಕೆ

ಕನ್ನಡದಲ್ಲಿ ನಾವು ಬಳಸುವ ‘ಸಾಕ್ಷ್ಯಚಿತ್ರ’ ಎಂಬ ಪದದೊಳಗೆ ಒಂದು ಬಿಗಿಯಾದ ಷರತ್ತು ಅಡಗಿದೆ: ಸಾಕ್ಷ್ಯವೂ ಇರಬೇಕು, ಚಿತ್ರವೂ ಇರಬೇಕು. ಸಾಕ್ಷಿ ನುಡಿಯಬೇಕಾದವರು ಸತ್ತುಹೋಗಿದ್ದಾಗ, ಬದುಕಿ ಉಳಿದವರು ಬಾಯಿ ತೆರೆಯಲು ಹೆದರುತ್ತಿದ್ದಾಗ, ನಡೆದದ್ದರ ಚಿತ್ರವೇ ಇಲ್ಲದಿದ್ದಾಗ ನಿರ್ದೇಶಕನಾದವನು ಪರದೆಯ ಮೇಲೆ ಏನನ್ನು ತೋರಿಸಬೇಕು? ಈ ಪ್ರಶ್ನೆಗೆ ಮೂರು ಬೇರೆ ಬೇರೆ ಉತ್ತರ ಕೊಟ್ಟ ಮೂರು ಚಿತ್ರಗಳನ್ನು ನಾನು ಕಳೆದ ಒಂದೂವರೆ ವರ್ಷದಲ್ಲಿ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಜೋಶುವಾ ಆಪನ್‌ಹೈಮರ್ ನಿರ್ದೇಶಿಸಿದ ‘ದಿ ಆಕ್ಟ್ ಆಫ್ ಕಿಲ್ಲಿಂಗ್’ (2012) ಮತ್ತು ‘ದಿ ಲುಕ್ ಆಫ್ ಸೈಲೆನ್ಸ್’ (2014) ಇಂಡೊನೇಷ್ಯಾದ 1965–66ರ ನರಮೇಧಕ್ಕೆ ಸಂಬಂಧಿಸಿದವು. ರಿಥಿ ಪಾನ್ ಅವರ ‘ದಿ ಮಿಸ್ಸಿಂಗ್ ಪಿಕ್ಚರ್’ (2013) ಕಾಂಬೋಡಿಯಾದಲ್ಲಿ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಬಣ ನಡೆಸಿದ ಆಳ್ವಿಕೆಯ ಕಾಲದ್ದು.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1965ರ ಸೆಪ್ಟೆಂಬರ್ 30ರ ರಾತ್ರಿ ಜಕಾರ್ತಾದಲ್ಲಿ ಆರು ಮಂದಿ ಸೇನಾ ಜನರಲ್‌ಗಳನ್ನು ಹಿಡಿದು ಕೊಂದ ಘಟನೆಯ ಹೊಣೆಯನ್ನು ಕಮ್ಯುನಿಸ್ಟ್ ಪಕ್ಷದ ತಲೆಗೆ ಕಟ್ಟಿದ ಸೇನೆ, ಮುಂದಿನ ತಿಂಗಳುಗಳಲ್ಲಿ ಸ್ಥಳೀಯ ಗೂಂಡಾಪಡೆಗಳ ನೆರವಿನಿಂದ ಕನಿಷ್ಠ ಐದು ಲಕ್ಷ ಜನರನ್ನು ಕೊಲ್ಲಿಸಿತು. ಹತ್ತು ಲಕ್ಷಕ್ಕೂ ಹೆಚ್ಚು ಎನ್ನುವ ಅಂದಾಜುಗಳೂ ಇವೆ. ಆ ಹತ್ಯೆಗಳ ಬೆನ್ನೇರಿ ಅಧಿಕಾರಕ್ಕೆ ಬಂದ ಸುಹಾರ್ತೋ 1998ರವರೆಗೂ ಆಳಿದರು. ಕಾಂಬೋಡಿಯಾದಲ್ಲಿ 1975ರ ಏಪ್ರಿಲ್ 17ರಂದು ರಾಜಧಾನಿ ನೋಮ್ ಪೆನ್ ನಗರವನ್ನು ಹೊಕ್ಕ ಖ್ಮೇರ್ ರೂಜ್ ಪಡೆ, ಇಡೀ ನಗರವನ್ನು ಖಾಲಿ ಮಾಡಿಸಿ ಜನರನ್ನು ಹೊಲಗಳಿಗೆ ಅಟ್ಟಿತು. 1979ರ ಜನವರಿಯಲ್ಲಿ ಆ ಆಳ್ವಿಕೆ ಕುಸಿಯುವಷ್ಟರಲ್ಲಿ ಹಸಿವು, ದುಡಿಮೆ, ರೋಗ ಮತ್ತು ಹತ್ಯೆಗಳಿಂದ ಸುಮಾರು ಹದಿನೇಳರಿಂದ ಇಪ್ಪತ್ತು ಲಕ್ಷ ಜನ ಸತ್ತಿದ್ದರು.

ನಾನು ಹೋಲಿಸಿದ ಕ್ರಮವನ್ನೂ ಹೇಳಬೇಕು. ಪ್ರತಿ ಚಿತ್ರವನ್ನೂ ಎರಡು ಬಾರಿ, ನಡುವೆ ಆರೇಳು ತಿಂಗಳ ಅಂತರವಿಟ್ಟು ನೋಡಿದೆ. ನೋಡಿದ ಮರುದಿನ ಒಂದು ಪುಟ ಬರೆದೆ. ತಿಂಗಳಾದ ಮೇಲೆ, ಹಿಂದಿನ ಪುಟವನ್ನು ತಿರುವಿ ನೋಡದೆ, ನೆನಪಿನಲ್ಲಿ ಉಳಿದದ್ದನ್ನು ಮಾತ್ರ ಇನ್ನೊಂದು ಪುಟದಲ್ಲಿ ಬರೆದೆ. ಒಬ್ಬನೇ ನೋಡುಗನ ಟಿಪ್ಪಣಿಗೆ ಶಾಸ್ತ್ರದ ಬೆಲೆಯೇನೂ ಇಲ್ಲವೆಂಬುದು ನನಗೆ ಗೊತ್ತಿದೆ. ಆದರೂ ಈ ಎರಡು ಪುಟಗಳ ನಡುವೆ ಕಂಡ ವ್ಯತ್ಯಾಸವೇ ಈ ಬರಹಕ್ಕೆ ಕಾರಣ, ಏಕೆಂದರೆ ಮರುದಿನ ನಾನು ಮರೆಯಲಾರೆನೆಂದು ಬರೆದ ದೃಶ್ಯಗಳು ತಿಂಗಳ ನಂತರದ ಪುಟದಲ್ಲಿ ಹೆಚ್ಚಾಗಿ ಕಾಣಿಸಲಿಲ್ಲ.

‘ದಿ ಆಕ್ಟ್ ಆಫ್ ಕಿಲ್ಲಿಂಗ್’ ಚಿತ್ರದ ಉಪಾಯ ಕೇಳಿದರೇ ಮೈ ಜುಮ್ಮೆನ್ನುತ್ತದೆ. ಉತ್ತರ ಸುಮಾತ್ರಾದ ಮೇದಾನ್ ನಗರದಲ್ಲಿ ಸಿನಿಮಾ ಮಂದಿರದ ಮುಂದೆ ಬ್ಲಾಕ್‌ನಲ್ಲಿ ಟಿಕೆಟ್ ಮಾರುತ್ತಿದ್ದ ಅನ್ವರ್ ಕಾಂಗೋ ಎಂಬಾತ 1965ರಲ್ಲಿ ಹಂತಕನಾದವನು. ಆತ ಮತ್ತು ಆತನ ಸಂಗಡಿಗರು ಶಿಕ್ಷೆಯನ್ನೇ ಕಾಣದೆ, ಊರಿನಲ್ಲಿ ಗಣ್ಯರಾಗಿ ಮುದುಕರಾಗಿದ್ದಾರೆ. ನಿರ್ದೇಶಕರು ಅವರಿಗೆ, ನೀವು ಮಾಡಿದ್ದನ್ನು ನಿಮಗಿಷ್ಟವಾದ ಸಿನಿಮಾ ಶೈಲಿಯಲ್ಲಿ ನಟಿಸಿ ತೋರಿಸಿ ಎನ್ನುತ್ತಾರೆ. ಹಂತಕರು ಒಪ್ಪುತ್ತಾರೆ, ಅದೂ ಉತ್ಸಾಹದಿಂದ. ಅಮೆರಿಕದ ಗ್ಯಾಂಗ್‌ಸ್ಟರ್ ಚಿತ್ರಗಳಂತೆ ಟೋಪಿ ಧರಿಸಿ ವಿಚಾರಣೆಯ ದೃಶ್ಯಗಳನ್ನು ನಟಿಸುತ್ತಾರೆ. ಜಲಪಾತದ ಮುಂದಿನ ಹಾಡೊಂದರಲ್ಲಿ ಸತ್ತವನು ತನ್ನ ಕೊರಳಿನ ತಂತಿಯನ್ನು ಬಿಚ್ಚಿ, ತನ್ನನ್ನು ಸ್ವರ್ಗಕ್ಕೆ ಕಳಿಸಿದ್ದಕ್ಕಾಗಿ ಅನ್ವರನಿಗೆ ಪದಕ ತೊಡಿಸುತ್ತಾನೆ.

ಮರುದಿನದ ನನ್ನ ಪುಟ ತುಂಬ ಅನ್ವರನೇ ಇದ್ದ. ಒಂದು ಮಾಳಿಗೆಯ ಮೇಲೆ ನಿಂತು, ರಕ್ತ ಹೆಚ್ಚು ಚೆಲ್ಲದಂತೆ ತಂತಿಯಿಂದ ಕೊರಳು ಬಿಗಿಯುತ್ತಿದ್ದ ಬಗೆಯನ್ನು ಆತ ಮಾಡಿ ತೋರಿಸುತ್ತಾನೆ. ಆಮೇಲೆ ಅಲ್ಲಿಯೇ ಹೆಜ್ಜೆ ಹಾಕಿ ಕುಣಿಯುತ್ತಾನೆ. ಆ ಚಿತ್ರಿಕೆಯನ್ನು ಆತನಿಗೇ ಟಿವಿಯಲ್ಲಿ ತೋರಿಸಿದಾಗ ಆತ ತಕರಾರು ತೆಗೆಯುವುದು ತನ್ನ ಬಿಳಿ ಪ್ಯಾಂಟಿನ ಬಗ್ಗೆ: ಕೊಲ್ಲುವಾಗ ತಾನೆಂದೂ ಅಂಥದ್ದನ್ನು ಹಾಕಿಕೊಳ್ಳುತ್ತಿರಲಿಲ್ಲವಂತೆ. ಕೊನೆಯಲ್ಲಿ ಅದೇ ಮಾಳಿಗೆಗೆ ಮರಳಿ ಬಂದಾಗ ಆತನಿಗೆ ಒಂದೇ ಸಮನೆ ಓಕರಿಕೆ ಬರುತ್ತದೆ, ಏನೂ ಹೊರಬರುವುದಿಲ್ಲ. ಮೊದಲ ಬಾರಿ ನೋಡಿದಾಗ ಇದು ಪಶ್ಚಾತ್ತಾಪವೆಂದೇ ನಾನು ಬರೆದಿದ್ದೆ. ಎರಡನೆಯ ಬಾರಿ ಆ ನಂಬಿಕೆ ಅಲುಗಾಡಿತು. ಎರಡು ಗಂಟೆಯ ಕಾಲ ಕ್ಯಾಮೆರಾದ ಮುಂದೆ ನಟಿಸುತ್ತಲೇ ಬಂದ ಮನುಷ್ಯ, ಚಿತ್ರಕ್ಕೆ ಬೇಕಾದ ಮುಕ್ತಾಯ ಯಾವುದೆಂದು ತಿಳಿಯದಷ್ಟು ಮುಗ್ಧನೇ? ಚಿತ್ರ ಇದಕ್ಕೆ ಉತ್ತರ ಕೊಡುವುದಿಲ್ಲ. ಕೊಡದಿರುವುದೇ ಅದರ ಪ್ರಾಮಾಣಿಕತೆ ಎನ್ನುವವರಿದ್ದಾರೆ. ನನಗೆ ಮಾತ್ರ, ಹಂತಕನ ಒಳಮನಸ್ಸನ್ನು ಊಹಿಸುವ ಕೆಲಸದಲ್ಲಿ ನನ್ನನ್ನು ಇಷ್ಟು ಹೊತ್ತು ತೊಡಗಿಸಿದ್ದರ ಬಗ್ಗೆ ಒಂದು ಕಿರಿಕಿರಿ ಉಳಿದುಕೊಂಡಿತು.

ತಿಂಗಳ ನಂತರದ ಪುಟದಲ್ಲಿ ಅನ್ವರ್ ಹಿಂದೆ ಸರಿದು, ಚಿತ್ರದ ಒಂದು ಮೂಲೆಯಲ್ಲಿ ಬರುವ ನೆರೆಯವನು ಮುಂದೆ ಬಂದಿದ್ದ. ಚಿತ್ರೀಕರಣದ ಬಿಡುವಿನಲ್ಲಿ ಆತ, ತಾನು ಹುಡುಗನಾಗಿದ್ದಾಗ ತನ್ನ ಮಲತಂದೆಯನ್ನು ರಾತ್ರೋರಾತ್ರಿ ಎಳೆದೊಯ್ದು ಕೊಂದದ್ದನ್ನು, ಎಣ್ಣೆಯ ಪೀಪಾಯಿಯ ಕೆಳಗೆ ಶವ ಸಿಕ್ಕಿದ್ದನ್ನು, ಅದನ್ನು ತಾವೇ ಹೂಳಿದ್ದನ್ನು ಹಂತಕರೆದುರಿಗೇ ಹೇಳುತ್ತಾನೆ. ಯಾರಿಗೂ ಬೇಸರವಾಗದಿರಲೆಂದು ನಗುನಗುತ್ತ ಹೇಳುತ್ತಾನೆ. ಟೀಕೆ ಮಾಡುತ್ತಿಲ್ಲ, ನಿಮ್ಮ ಸಿನಿಮಾಕ್ಕೆ ಉಪಯೋಗವಾಗಬಹುದೆಂದಷ್ಟೇ ಹೇಳಿದೆ ಎನ್ನುವ ಧಾಟಿ ಅವನದು. ಸ್ವಲ್ಪ ಹೊತ್ತಿನಲ್ಲಿ ಅವನಿಗೇ ವಿಚಾರಣೆಯ ದೃಶ್ಯದಲ್ಲಿ ಬಲಿಪಶುವಿನ ಪಾತ್ರ ಸಿಗುತ್ತದೆ. ಆಗ ಅವನು ಅಳುವ ಅಳು ನಟನೆಯಾಗಿ ಉಳಿಯುವುದಿಲ್ಲ. ಕೊನೆಯಲ್ಲಿ ತಂತ್ರಜ್ಞರ ಪಟ್ಟಿಯಲ್ಲಿ ಸಾಲುಸಾಲಾಗಿ ‘ಅನಾಮಿಕ’ ಎಂಬ ಪದವೇ ಉರುಳುವಾಗ, ಆ ನೆರೆಯವನ ನಗೆಯ ಅರ್ಥ ಇನ್ನಷ್ಟು ಸ್ಪಷ್ಟವಾಗುತ್ತದೆ.

‘ದಿ ಮಿಸ್ಸಿಂಗ್ ಪಿಕ್ಚರ್’ ಇದಕ್ಕೆ ಪೂರ್ತಿ ಎದುರು ದಿಕ್ಕಿನಲ್ಲಿ ನಿಂತಿದೆ. ಇಲ್ಲಿ ಹಂತಕರ ಮಾತಿಲ್ಲ, ನಟನೆಯಿಲ್ಲ. ಬಾಲ್ಯದಲ್ಲಿಯೇ ಈ ನರಕವನ್ನು ಕಂಡು, ತಂದೆತಾಯಿಯನ್ನೂ ಬಂಧುಗಳನ್ನೂ ಕಳೆದುಕೊಂಡ ರಿಥಿ ಪಾನ್, ತನ್ನ ನೆನಪನ್ನು ಮಣ್ಣಿನ ಗೊಂಬೆಗಳಲ್ಲಿ ಮಾಡಿಸಿದ್ದಾರೆ. ಖ್ಮೇರ್ ರೂಜ್ ಸರ್ಕಾರವೂ ಸಿನಿಮಾ ತೆಗೆಸಿತ್ತು. ಅದರಲ್ಲಿ ಬುಟ್ಟಿ ಹೊತ್ತು ಸಾಲಾಗಿ ಸಾಗುವ ದುಡಿಮೆಗಾರರಿದ್ದರು, ಹಸಿವಿರಲಿಲ್ಲ. ಆ ಪ್ರಚಾರದ ತುಣುಕುಗಳ ಪಕ್ಕದಲ್ಲಿಯೇ, ಕೆಲವೊಮ್ಮೆ ಅವುಗಳ ಮುಂದೆಯೇ, ಗೊಂಬೆಗಳನ್ನು ನಿಲ್ಲಿಸಲಾಗಿದೆ. ಗೊಂಬೆಗಳು ಅಲುಗಾಡುವುದಿಲ್ಲ. ಚಲಿಸುವುದು ಕ್ಯಾಮೆರಾ ಮಾತ್ರ.

ಈ ಚಿತ್ರವನ್ನು ಮೊದಲ ಸಲ ಅಮ್ಮನೊಂದಿಗೆ ನೋಡಿದೆ. ಫ್ರೆಂಚ್ ನಿರೂಪಣೆಯ ಇಂಗ್ಲಿಷ್ ಅಡಿಬರಹವನ್ನು ನಾನು ಓದಿಕೊಂಡು ಕನ್ನಡದಲ್ಲಿ ಹೇಳುತ್ತಿದ್ದೆ. ಪ್ರತಿ ದಸರೆಗೆ ಪೆಟ್ಟಿಗೆಯಿಂದ ಗೊಂಬೆ ತೆಗೆದು ಒರೆಸಿ ಜೋಡಿಸುವ ಕೈ ಅವರದು. ಅರ್ಧ ಗಂಟೆಯಾಗುವಷ್ಟರಲ್ಲಿ, “ನೀನು ಹೇಳೋದು ಬೇಡ ಬಿಡು, ಅವುಗಳ ಪಕ್ಕೆಲುಬು ನೋಡಿದರೆ ತಿಳಿಯುತ್ತೆ” ಎಂದರು. ಆಮೇಲೆ ನಾನು ಒಂದೆರಡು ಕಡೆ ಮಾತ್ರ ಬಾಯಿ ತೆರೆದೆ: ಮನುಷ್ಯರು ತಿನ್ನಲು ತಕ್ಕದ್ದಲ್ಲದ ಅನ್ನವನ್ನು ತಿನ್ನುವುದಿಲ್ಲವೆಂದು ತಂದೆ ಊಟವನ್ನೇ ಬಿಟ್ಟು ಸಾಯುವಲ್ಲಿ, ಮತ್ತು ಒಂಬತ್ತು ವರ್ಷದ ಹುಡುಗ ಮಾವಿನ ಹಣ್ಣು ಕಿತ್ತಳೆಂದು ತನ್ನ ತಾಯಿಯ ಮೇಲೆಯೇ ದೂರು ಹೇಳುವಲ್ಲಿ. ಆ ತಾಯಿಯನ್ನು ಕಾಡಿಗೆ ಕರೆದೊಯ್ಯುತ್ತಾರೆ. ಅಮ್ಮ ಅಳಲಿಲ್ಲ. ಚಿತ್ರ ಮುಗಿದ ಮೇಲೆ ಅವರು ಕೇಳಿದ್ದು, ಆ ಗೊಂಬೆಗಳನ್ನು ಈಗ ಎಲ್ಲಿಟ್ಟಿದ್ದಾರೆ ಎಂದು.

ಈ ಚಿತ್ರಕ್ಕೊಂದು ಕೊರತೆಯೂ ಇದೆ. ನಿರೂಪಣೆಯ ಭಾಷೆ ಬಹಳ ಕಾವ್ಯಮಯ. ಒಂದೂವರೆ ಗಂಟೆ ಒಂದೇ ಸ್ಥಾಯಿಯಲ್ಲಿ ಸಾಗುವ ಆ ದನಿಯಿಂದ, ನಡುಭಾಗದಲ್ಲಿ ದುಃಖಕ್ಕೆ ಒಂದು ಬಗೆಯ ನುಣುಪು ಬಂದುಬಿಡುತ್ತದೆ. ತಿಂಗಳ ನಂತರದ ಪುಟದಲ್ಲಿ ನಾನು ಒಂದು ವಾಕ್ಯವನ್ನೂ ನೆನಪಿಸಿಕೊಳ್ಳಲಾಗಲಿಲ್ಲ. ಉಳಿದದ್ದು ಒಂದೇ ಚಿತ್ರಿಕೆ: ಗುಂಡಿಯಲ್ಲಿ ಮಲಗಿದ ಗೊಂಬೆಯ ಮೇಲೆ ಮಣ್ಣು ಬೀಳುತ್ತದೆ, ಮುಚ್ಚುತ್ತದೆ, ಗೊಂಬೆ ಮತ್ತೆ ಕಾಣುತ್ತದೆ, ಮತ್ತೆ ಮಣ್ಣು ಬೀಳುತ್ತದೆ. ಮಣ್ಣಿನಿಂದ ಮಾಡಿದ್ದನ್ನು ಮಣ್ಣೇ ಮುಚ್ಚುವುದನ್ನು ಗೌರಿ-ಗಣೇಶರನ್ನು ನೀರಿಗೆ ಬಿಡುವ ನಾಡಿನವರಿಗೆ ವಿವರಿಸಬೇಕಾಗಿಲ್ಲ. ಆದರೆ ನಮ್ಮಲ್ಲಿ ಅದು ಬೀಳ್ಕೊಡುಗೆ, ಅಲ್ಲಿ ಬೀಳ್ಕೊಡಲು ಯಾರನ್ನೂ ಬಿಟ್ಟಿರಲಿಲ್ಲ.

ಇನ್ನು ‘ದಿ ಲುಕ್ ಆಫ್ ಸೈಲೆನ್ಸ್’. ಇಂಡೊನೇಷ್ಯಾದಲ್ಲಿ ಇದರ ಹೆಸರು ‘ಸೆನ್ಯಾಪ್’, ಅಂದರೆ ಮೌನ. ಮೂರರಲ್ಲಿ ಅತ್ಯಂತ ಸರಳವಾದದ್ದು ಇದು, ಮತ್ತು ನನ್ನ ಎರಡೂ ಪುಟಗಳಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ದಾಖಲಾದದ್ದೂ ಇದೊಂದೇ. ಆದಿ ರುಕುನ್ ಎಂಬವರು ಹಳ್ಳಿಗಳಲ್ಲಿ ತಿರುಗಿ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವವರು. ತಮ್ಮ ಅಣ್ಣ ರಾಮ್ಲಿ ಆ ನರಮೇಧದಲ್ಲಿ ಕೊಲೆಯಾದ ಮೇಲೆ ಹುಟ್ಟಿದವರು. ಆ ಮಗನ ಬದಲಿಗೆ ದೇವರು ಕೊಟ್ಟ ಮಗನೆಂದೇ ತಾಯಿ ರೊಹಾನಿ ಅವರನ್ನು ಬೆಳೆಸಿದ್ದಾರೆ. ಕೊಂದವರು ಸುತ್ತಲಿನ ಊರುಗಳಲ್ಲಿಯೇ ಇದ್ದಾರೆ, ಈಗ ಮುದುಕರು, ಕಣ್ಣು ಮಂದ. ಆದಿ ಆ ಹಂತಕರ ಮನೆಗಳಿಗೆ ಹೋಗಿ, ಪರೀಕ್ಷೆಯ ಚೌಕಟ್ಟನ್ನು ಮೂಗಿನ ಮೇಲೆ ಕೂರಿಸಿ, ಗಾಜು ಬದಲಿಸುತ್ತ, ಈಗ ಕಾಣಿಸುತ್ತದೆಯೇ ಎಂದು ಕೇಳುತ್ತಾರೆ. ನಡುವೆಯೇ ಮೆಲ್ಲಗೆ 1965ರ ಬಗ್ಗೆ ಕೇಳುತ್ತಾರೆ. ರಾಮ್ಲಿ ಯಾರೆಂದು ಹೇಳುವುದು ಆಮೇಲೆ.

ಇಲ್ಲಿ ರಕ್ತವಿಲ್ಲ, ವೇಷವಿಲ್ಲ. ಇಬ್ಬರು ಹಂತಕರು ನದಿಯ ದಾರಿಯಲ್ಲಿ ನಡೆಯುತ್ತ ರಾಮ್ಲಿಯನ್ನು ಕೊಂದ ಬಗೆಯನ್ನು ನಗುತ್ತ ಅಭಿನಯಿಸಿದ ಹಳೆಯ ಚಿತ್ರಿಕೆಯೊಂದನ್ನು ಆದಿ ಟಿವಿಯಲ್ಲಿ ನೋಡುತ್ತಾರೆ, ಮಾತಿಲ್ಲದೆ. ಕ್ಯಾಮೆರಾ ಅವರ ಮುಖದ ಮೇಲಿರುತ್ತದೆ. ಹಂತಕರು ಪ್ರತಿಕ್ರಿಯಿಸುವ ರೀತಿಯಲ್ಲಿಯೂ ನಾಟಕವಿಲ್ಲ: ಒಬ್ಬ ಬೆದರಿಸುತ್ತಾನೆ, ಒಬ್ಬ ಹಳೆಯ ಗಾಯ ಕೆರೆಯಬೇಡ ಎನ್ನುತ್ತಾನೆ, ಮತ್ತೊಬ್ಬ ಸುಮ್ಮನಾಗುತ್ತಾನೆ. ಆದಿಯ ಸೋದರಮಾವನೇ ಆ ಕಾಲದಲ್ಲಿ ಸೆರೆಯಾಳುಗಳಿಗೆ ಕಾವಲಿದ್ದನೆಂಬ ಸಂಗತಿ ಹೊರಬಿದ್ದಾಗ, ಆತ ಹೇಳುವ ಸಮಜಾಯಿಷಿಗಳು ಯಾವ ಮನೆಯಲ್ಲಿಯಾದರೂ ಕೇಳಿಬರಬಹುದಾದವು. ಮುಪ್ಪಾದ ಹಂತಕನೊಬ್ಬನ ಮಗಳು ಮಾತ್ರ, ತಂದೆ ಕೊಂದವರ ರಕ್ತ ಕುಡಿದದ್ದನ್ನು ಅಂದೇ ಮೊದಲು ಕೇಳಿ, ತಬ್ಬಿಬ್ಬಾಗಿ, ಆದಿಯಲ್ಲಿ ಕ್ಷಮೆ ಕೇಳುತ್ತಾಳೆ.

ನಮ್ಮ ಊರಿನಲ್ಲಿಯೂ ವರ್ಷಕ್ಕೊಮ್ಮೆ ಶಾಲೆಯಲ್ಲಿ ಕಣ್ಣಿನ ತಪಾಸಣೆಯ ಶಿಬಿರ ನಡೆಯುತ್ತದೆ. ಎರಡನೆಯ ಸಲ ಚಿತ್ರ ನೋಡಿದ ಕೆಲವು ವಾರಗಳಲ್ಲಿ ನಾನು ದೊಡ್ಡಪ್ಪನನ್ನು ಅಲ್ಲಿಗೆ ಕರೆದೊಯ್ದಿದ್ದೆ. ಆ ದುಂಡು ಚೌಕಟ್ಟನ್ನು ಅವರ ಮುಖಕ್ಕೆ ಸಿಕ್ಕಿಸಿ, ತಪಾಸಣೆಯ ಹುಡುಗ “ಈಗ ಕಾಣ್ತದಾ, ಅಜ್ಜಾ?” ಎಂದು ಕೇಳಿದ ಕ್ಷಣ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅನ್ವರನ ಜಲಪಾತದ ಹಾಡು ನನಗೆ ನೆನಪಾಗಬೇಕಾದರೆ ನಾನೇ ಕುಳಿತು ನೆನಪಿಸಿಕೊಳ್ಳಬೇಕು. ಆದಿಯ ಚೌಕಟ್ಟು ಹಾಗಲ್ಲ. ಅದು ದಿನನಿತ್ಯದ ಒಂದು ಕೆಲಸಕ್ಕೆ ಅಂಟಿಕೊಂಡಿರುವುದರಿಂದ, ಆ ಕೆಲಸ ಕಂಡಲ್ಲೆಲ್ಲ ತಾನಾಗಿಯೇ ಎದ್ದು ಬರುತ್ತದೆ. ಆ ಬಲ ಯಾವುದರಲ್ಲಿದೆ ಎಂದು ಕೇಳಿದರೆ ನಾನು ಹಿಂಜರಿಯದೆ ಈ ಚಿತ್ರದ ಹೆಸರನ್ನೇ ಹೇಳುತ್ತೇನೆ. ಆದರೂ ಒಂದು ದೃಶ್ಯದ ಬಗ್ಗೆ ನನ್ನ ಆಕ್ಷೇಪವಿದೆ: ಕಣ್ಣು ಕಾಣದ, ನೆನಪು ಕಳೆದ ಆದಿಯ ವೃದ್ಧ ತಂದೆ, ತಾನು ಯಾರದೋ ಮನೆಯಲ್ಲಿ ಸಿಕ್ಕಿಬಿದ್ದಿದ್ದೇನೆಂದು ಹೆದರಿ ನೆಲದ ಮೇಲೆ ತೆವಳುವುದನ್ನು ಚಿತ್ರಿಸಲಾಗಿದೆ. ಚಿತ್ರಿಸಿದವರು ಸ್ವತಃ ಆದಿಯೇ. ಮಗನಿಗೆ ಆ ಹಕ್ಕಿರಬಹುದು. ನೋಡುವ ಹಕ್ಕು ನನಗಿದೆಯೇ ಎಂಬುದು ನನಗಿನ್ನೂ ಬಗೆಹರಿದಿಲ್ಲ.

ಯಾರು ಯಾವುದನ್ನು ನೋಡಬೇಕು? ಮನೆಯವರೆಲ್ಲ ಕುಳಿತು ನೋಡಬಹುದಾದದ್ದು ಗೊಂಬೆಗಳ ಚಿತ್ರವೊಂದೇ. ‘ದಿ ಆಕ್ಟ್ ಆಫ್ ಕಿಲ್ಲಿಂಗ್’ ಎರಡು ಅವಧಿಗಳಲ್ಲಿ ಸಿಗುತ್ತದೆ. ಸುಮಾರು ಎರಡು ಗಂಟೆಯದ್ದೇ ಸಾಕು, 159 ನಿಮಿಷಗಳ ನಿರ್ದೇಶಕರ ಆವೃತ್ತಿಯಲ್ಲಿ ಅನ್ವರನ ಸಹವಾಸ ಹೆಚ್ಚಾಗುತ್ತದೆಯೇ ಹೊರತು ತಿಳಿವಳಿಕೆ ಅಷ್ಟಾಗಿ ಹೆಚ್ಚುವುದಿಲ್ಲ. ರಾತ್ರಿ ಮಲಗುವ ಮುನ್ನ ನೋಡುವ ಚಿತ್ರವಂತೂ ಅದಲ್ಲ. ಆಪನ್‌ಹೈಮರ್ ಅವರ ಎರಡನ್ನೂ ನೋಡುವವರು ಬಿಡುಗಡೆಯಾದ ಕ್ರಮವನ್ನೇ ಅನುಸರಿಸುವುದು ಒಳ್ಳೆಯದು. ‘ದಿ ಲುಕ್ ಆಫ್ ಸೈಲೆನ್ಸ್’ ಚಿತ್ರದಲ್ಲಿ ಆದಿ ಹಂತಕರನ್ನು ಎದುರಿಸುವ ಭಾಗಗಳ ಚಿತ್ರೀಕರಣ ಮೊದಲ ಚಿತ್ರ ತೆರೆಗೆ ಬರುವ ಮುನ್ನವೇ, 2012ರಲ್ಲಿ, ಮುಗಿದಿತ್ತು. ಅದು ಬಂದ ಮೇಲೆ ನಿರ್ದೇಶಕರು ಆ ದೇಶಕ್ಕೆ ಮರಳುವುದು ಅಪಾಯವಾಗುತ್ತಿತ್ತು. ನಾನು ಎರಡನೆಯ ಸುತ್ತಿನಲ್ಲಿ ಕ್ರಮ ತಿರುಗಿಸಿ, ಆದಿಯನ್ನು ಮೊದಲು ನೋಡಿ, ಮರುದಿನ ಅನ್ವರನನ್ನು ಹಾಕಿದೆ. ಮಾಳಿಗೆಯ ಮೇಲಿನ ಆ ಕುಣಿತ ಬಂದಾಗ, ಹಿಂದಿನ ಸಲ ಭಯಬೆರೆತ ಕುತೂಹಲದಿಂದ ನೋಡಿದ್ದವನು, ಈ ಸಲ ಚಿತ್ರವನ್ನು ನಿಲ್ಲಿಸಿ ಹೊರಗೆ ಹೋಗಿ ಕುಳಿತೆ. ಉಳಿದ ಭಾಗವನ್ನು ನೋಡಲು ನಾಲ್ಕು ದಿನ ಹಿಡಿಯಿತು.