ಬಾಟಲಿಯ ಖಾರವೋ, ಡಬ್ಬಿಯ ಖಾರವೋ?

ಮೊದಲೇ ಹೇಳಿಬಿಡುತ್ತೇನೆ, ಬೆಟ್ಟ ಹತ್ತುವಾಗ ನನ್ನ ಬ್ಯಾಗಿನಲ್ಲಿ ಸಾಸ್ ಬಾಟಲಿ ಇರುವುದಿಲ್ಲ. ಮನೆಯ ಫ್ರಿಜ್‌ನಲ್ಲಿ ಮಾತ್ರ ಅವುಗಳದ್ದೇ ಒಂದು ಸಾಲು: ಟಬಾಸ್ಕೊ, ಶ್ರೀರಾಚಾ, ಪಕ್ಕದಲ್ಲಿ ರಂಜಕದ, ಅಂದರೆ ಉತ್ತರ ಕರ್ನಾಟಕದ ಹಣ್ಣುಮೆಣಸಿನಕಾಯಿ ಚಟ್ನಿಯ ಭರಣಿ. ಯಾವುದು ಯಾವುದಕ್ಕೆ ಹೊಂದುತ್ತದೆ ನೋಡೋಣ ಅಂತ ಮೊಸರನ್ನ, ಜೋಳದ ರೊಟ್ಟಿ, ಆಮ್ಲೆಟ್, ನೂಡಲ್ಸ್ ಎಲ್ಲದರ ಜೊತೆಗೂ ಎಲ್ಲವನ್ನೂ ತಿಂದು ನೋಡಿದ್ದೇನೆ. ಎಷ್ಟು ಖಾರ ಅನ್ನುವುದು ಆಮೇಲಿನ ಮಾತು. ಖಾರ ಹುಳಿನೀರಿನಲ್ಲಿದೆಯೋ ಎಣ್ಣೆಯಲ್ಲಿದೆಯೋ ಅನ್ನುವುದರ ಮೇಲೆ ರುಚಿಯೆಲ್ಲಾ ನಿಂತಿದೆ.

ಟಬಾಸ್ಕೊ ಪೂರ್ತಿ ಹುಳಿನೀರಿನ ಕಡೆಯದು. ಅಮೆರಿಕದ ಲೂಸಿಯಾನಾದ ಏವರಿ ಐಲ್ಯಾಂಡ್‌ನಲ್ಲಿ 1868ರಲ್ಲಿ ಶುರುವಾದ ಸಾಸ್ ಇದು. ಒಳಗಿರುವುದು ಮೂರೇ: ಹಣ್ಣುಮೆಣಸಿನಕಾಯಿ, ಉಪ್ಪು, ವಿನೆಗರ್. ರುಬ್ಬಿದ ಮೆಣಸಿನಕಾಯಿಯನ್ನು ಓಕ್ ಮರದ ಪೀಪಾಯಿಗಳಲ್ಲಿ ಮೂರು ವರ್ಷದವರೆಗೂ ಹುದುಗಲು ಬಿಡುತ್ತಾರೆ. ನಾಲಿಗೆಗೆ ಬಿದ್ದ ಕೂಡಲೇ ಚುರ್ ಅನ್ನುತ್ತದೆ, ಅಷ್ಟೇ ಬೇಗ ಇಳಿದೂ ಹೋಗುತ್ತದೆ. ಖಾರ ಅಳೆಯುವ ಸ್ಕೋವಿಲ್ ಅಳತೆಯಲ್ಲಿ 2,500ರಿಂದ 5,000, ಅಂದರೆ ನಮ್ಮ ಕಡೆ ಹಸಿಮೆಣಸಿನಕಾಯಿ ಕಚ್ಚಿಕೊಂಡು ಊಟ ಮಾಡುವವರಿಗೆ ಏನೂ ಅಲ್ಲ. ಎಣ್ಣೆ ಜಾಸ್ತಿ ಬಿದ್ದ ಆಮ್ಲೆಟ್ ಮೇಲೆ ನಾಲ್ಕು ಹನಿ ಹಾಕಿ ನೋಡಿ, ಜಿಡ್ಡು ಗೊತ್ತೇ ಆಗುವುದಿಲ್ಲ. ಮೊಸರನ್ನಕ್ಕೆ ಮಾತ್ರ ಬೇಡ. ಹುಳಿಯ ಮೇಲೆ ಹುಳಿ ಬಿದ್ದು ಅನ್ನ ಹಳಸಿದ ಹಾಗಾಗುತ್ತದೆ.

ಶ್ರೀರಾಚಾ ಗಟ್ಟಿ, ಸಿಹಿ, ಬೆಳ್ಳುಳ್ಳಿ ವಾಸನೆಯದು. ಹೆಸರು ಥಾಯ್ಲೆಂಡಿನ ಒಂದು ಊರಿನದು. ಅಮೆರಿಕದಲ್ಲಿರುವ ನಮ್ಮವರ ಮನೆಗಳಲ್ಲಿ ಕಾಣುವ, ಹಸಿರು ಮುಚ್ಚಳದ, ಹುಂಜದ ಚಿತ್ರವಿರುವ ಬಾಟಲಿ ಮಾತ್ರ ಕ್ಯಾಲಿಫೋರ್ನಿಯಾದ್ದು. ವಿಯೆಟ್ನಾಂನಿಂದ ಬಂದ ಡೇವಿಡ್ ಟ್ರಾನ್ 1980ರಲ್ಲಿ ಶುರು ಮಾಡಿದ ಕಂಪನಿ ಅದನ್ನು ಮಾಡುತ್ತದೆ. ನೂಡಲ್ಸ್‌ಗೆ ಇದನ್ನು ಮೀರಿಸಿದ್ದು ಇಲ್ಲ. ಮಕ್ಕಳ ಚಪಾತಿ ರೋಲಿಗೂ ಸರಿ. ಜೋಳದ ರೊಟ್ಟಿಗೆ ಸವರಿದರೆ ಜಾಮ್ ಸವರಿದಂತಾಗುತ್ತದೆ, ಬಿಟ್ಟುಬಿಡಿ.

ಇನ್ನು ರಂಜಕ. ಮನೆಯ ಊಟಕ್ಕೆ ನನ್ನ ಓಟು ಇದಕ್ಕೇ. ಚಳಿಗಾಲದಲ್ಲಿ ಧಾರವಾಡ, ಹಾವೇರಿ ಕಡೆಯ ಸಂತೆಗೆ ಹಸಿಯಾದ ಕೆಂಪು ಹಣ್ಣುಮೆಣಸಿನಕಾಯಿ ರಾಶಿ ಬೀಳುತ್ತದಲ್ಲ, ಆಗ ಮಾಡಿಟ್ಟುಕೊಳ್ಳಬೇಕು. ಕಾಯಿ ತೊಳೆದು ಬಟ್ಟೆಯ ಮೇಲೆ ಹರವಿ ನೀರಿನ ಪಸೆ ಪೂರ್ತಿ ಆರಿಸುತ್ತಾರೆ. ತೊಟ್ಟು ಕೀಳುವುದು ತೊಳೆದ ಮೇಲೆ, ಮೊದಲೇ ಕಿತ್ತರೆ ನೀರು ಒಳಗೆ ಹೋಗುತ್ತದೆ. ಆಮೇಲೆ ಉಪ್ಪು, ಬೆಳ್ಳುಳ್ಳಿ, ಜೀರಿಗೆ, ಹುರಿದ ಮೆಂತ್ಯ, ಇಂಗು ಸೇರಿಸಿ ತರಿತರಿಯಾಗಿ ಕುಟ್ಟಿ ನಿಂಬೆರಸ ಹಿಂಡುತ್ತಾರೆ. ಮಿಕ್ಸಿಯಲ್ಲಿ ನುಣ್ಣಗೆ ತಿರುವಿದರೆ ಅದು ಸಾಸ್ ಆಗಿಬಿಡುತ್ತದೆ. ಬೀಜ ಹಲ್ಲಿಗೆ ಸಿಗಬೇಕು, ಸಿಪ್ಪೆ ಸ್ವಲ್ಪ ನಾರಾಗಿ ಉಳಿಯಬೇಕು.

ತಟ್ಟೆಯಲ್ಲಿ ರಂಜಕದ ನಡುವೆ ಬೆರಳಿನಿಂದ ಗುಣಿ ಮಾಡಿ ಹಸಿ ಶೇಂಗಾ ಎಣ್ಣೆ ಬಿಟ್ಟುಕೊಳ್ಳುವುದು ಅಲ್ಲಿನ ರೂಢಿ. ಹುಬ್ಬಳ್ಳಿಯ ಗೆಳೆಯನ ತಾಯಿ ನನ್ನ ತಟ್ಟೆ ನೋಡಿ, "ಎಣ್ಣಿ ಹಾಕ್ಕೊಳ್ರಿ, ಬರೇ ರಂಜಕ ತಿಂದ್ರ ಹೊಟ್ಟಿ ಉರೀತೈತಿ" ಅಂದಿದ್ದರು. ಮಾತು ಸರಿಯೇ ಇದೆ. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಎಣ್ಣೆ ಬಿದ್ದ ಮೇಲೆ ಆ ಖಾರ ಬಾಯಲ್ಲಿ ಒಂದೇ ಕಡೆ ಕೂತು ಚುಚ್ಚುವುದಿಲ್ಲ, ನಿಧಾನವಾಗಿ ಏರುತ್ತದೆ. ಬೆಣ್ಣೆಯಾದರೆ ಇನ್ನೂ ಮೇಲು.

ಇಷ್ಟೆಲ್ಲಾ ಹೊಗಳಿದರೂ ರಂಜಕವನ್ನು ಬೆಟ್ಟಕ್ಕೆ ಒಯ್ಯುವುದಿಲ್ಲ. ಹಸಿ ಪದಾರ್ಥ, ಮುಚ್ಚಳದಂಚಿನಿಂದ ಜಿನುಗುತ್ತದೆ. ಬೆಳ್ಳುಳ್ಳಿ ವಾಸನೆ ಟೆಂಟ್ ತುಂಬಾ. ಗಾಜಿನ ಬಾಟಲಿಯದೂ ಇದೇ ಕಥೆ: ಒಯ್ಯುವಾಗ ಭಾರ, ಒಡೆದರೆ ಗಾಜು, ಖಾಲಿಯಾದರೂ ವಾಪಸ್ ಹೊತ್ತು ತರಲೇಬೇಕು.

ದಾರಿಗೆ ಚಟ್ನಿಪುಡಿಯೇ ಸೈ. ಅದರಲ್ಲೂ ಯಾವುದು ಅನ್ನುವುದರಲ್ಲಿ ಜಗಳವಿದೆ. ಶೇಂಗಾ ಪುಡಿ ಎಲ್ಲರಿಗೂ ಇಷ್ಟ, ಕಾರಣವೂ ಇದೆ. ಕಡಲೆಕಾಯಿ ಬೀಜದ ಸುಮಾರು ಅರ್ಧ ತೂಕ ಎಣ್ಣೆ, ಕಾಲು ಭಾಗದಷ್ಟು ಪ್ರೋಟೀನು. ಕುಮಾರ ಪರ್ವತದಂಥ ಏರು ಹತ್ತಿದ ಮೇಲೆ ತಣ್ಣನೆಯ ಚಪಾತಿಗೆ ಎರಡು ಚಮಚ ಸುರಿದುಕೊಂಡರೆ ಅದೇ ಪಲ್ಯ, ಅದೇ ಶಕ್ತಿ. ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು, ಇಲ್ಲದಿದ್ದರೆ ಎಣ್ಣೆ ಬಿಟ್ಟು ಉಂಡೆಯಾಗುತ್ತದೆ. ದಾರಿಗೆ ಮಾಡುವಾಗ ನಾನು ಬೆಲ್ಲ ಬಿಡುತ್ತೇನೆ, ಮಳೆಗಾಲದಲ್ಲಿ ಅದು ಪಸೆ ಎಳೆದುಕೊಳ್ಳುತ್ತದೆ. ಬೆಳ್ಳುಳ್ಳಿಯನ್ನು ಗರಿಗರಿ ಹುರಿದೇ ಹಾಕುತ್ತೇನೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಬರೀ ಬ್ಯಾಡಗಿ ಹಾಕಿದರೆ ಕಣ್ಣಿಗೆ ಕೆಂಪು ಕಾಣುತ್ತದೆ, ಬಾಯಿಗೆ ಸಪ್ಪೆ.

ಗುರೆಳ್ಳು ಪುಡಿ, ಅಂದರೆ ನಮ್ಮ ಹುಚ್ಚೆಳ್ಳು, ನನಗೆ ಶೇಂಗಾಕ್ಕಿಂತ ಒಂದು ಕೈ ಹೆಚ್ಚು. ಸ್ವಲ್ಪ ಕಹಿ, ಸುಟ್ಟ ವಾಸನೆ, ಖಾರ ಹಿಂದೆ ನಿಲ್ಲುತ್ತದೆ. ಖಡಕ್ ರೊಟ್ಟಿ ಮುರಿದು, ಪುಡಿಗೆ ಮೊಸರು ಕಲಸಿ ತಿಂದರೆ ಬೇರೇನೂ ಬೇಡ. ಹಲ್ಲೆಲ್ಲಾ ಕಪ್ಪು ಚುಕ್ಕಿಯಾಗುತ್ತದೆ ಅನ್ನುವುದೊಂದು ತಕರಾರು, ಶಿಖರದ ಫೋಟೋ ಮುಗಿದ ಮೇಲೆ ತಿನ್ನಿ. ಅಗಸೆ ಪುಡಿ ಮನೆಗೆ ಸಾಕು, ಬೇಗ ಮುಗ್ಗಲು ಹಿಡಿಯುತ್ತದೆ. ಮಜ್ಜಿಗೆ ಮೆಣಸಿನಕಾಯಿಯನ್ನು ಅಲ್ಲೇ ಕರಿಯೋಣ ಅಂದರೆ ಎಣ್ಣೆ, ಬಾಣಲೆ ಎರಡೂ ಹೊರಬೇಕು. ಮನೆಯಲ್ಲೇ ಕರಿದು ಒಯ್ದರೆ ಮಲೆನಾಡಿನ ಮಂಜಿಗೆ ಮೆತ್ತಗಾಗುತ್ತದೆ. ಮೊಸರನ್ನಕ್ಕೆ ಮಾತ್ರ ಅದರ ಸಮ ಯಾವುದೂ ಇಲ್ಲ, ಟಬಾಸ್ಕೊ ಹತ್ತಿರಕ್ಕೂ ಬರುವುದಿಲ್ಲ.

ಉಪ್ಪಿನ ಪೊಟ್ಟಣ ಬೇರೆಯೇ ಇರಲಿ. ಜೂನ್ ದಾಟಿದ ಮೇಲೆ ಅದು ಕಾಲಿಗೆ ಕಚ್ಚುವ ಇಂಬಳಗಳನ್ನು (ಜಿಗಣೆ) ಬಿಡಿಸಲು ಮೀಸಲು, ಊಟಕ್ಕೆ ಉಳಿಯುವುದಿಲ್ಲ.

ಕೊನೆಯದು ಸೂಜಿ ಮೆಣಸು. ಕೆಲವರು ಜೀರಿಗೆ ಮೆಣಸು ಅನ್ನುತ್ತಾರೆ. ಮಲೆನಾಡಿನ ಹಿತ್ತಲುಗಳಲ್ಲಿ ಹಕ್ಕಿ ಹಿಕ್ಕೆಯಿಂದ ತಾನೇ ಹುಟ್ಟಿಕೊಳ್ಳುವ ಗಿಡ, ಹಕ್ಕಿಗಳಿಗೆ ಖಾರ ತಟ್ಟುವುದೇ ಇಲ್ಲ. ತಮಾಷೆ ಅಂದರೆ, ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇದೂ ಟಬಾಸ್ಕೊದ ಮೆಣಸಿನಕಾಯಿಯೂ ಒಂದೇ ಜಾತಿ, ಕ್ಯಾಪ್ಸಿಕಮ್ ಫ್ರೂಟೆಸೆನ್ಸ್. ಬಾಟಲಿಯಲ್ಲಿ ವಿನೆಗರ್ ಬೆರೆತು ಸೌಮ್ಯವಾದದ್ದು ಇಲ್ಲಿ ಗಿಡದಿಂದ ನೇರ ಬಾಯಿಗೆ. ಒಣಗಿಸಿದ ಒಂದು ಹಿಡಿ ಪೊಟ್ಟಣದಲ್ಲಿದ್ದರೆ ನಾಲ್ಕು ಜನರ ಗಂಜಿಗೆ, ನೂಡಲ್ಸ್‌ಗೆ ಧಾರಾಳ. ತೂಕವೇ ಇಲ್ಲ, ಸೋರುವ ಮಾತೂ ಇಲ್ಲ. ಚಟ್ನಿಪುಡಿಯ ಜೊತೆ ಬ್ಯಾಗಿಗೆ ಹೋಗುವ ಇನ್ನೊಂದು ಇದೇ. ಬೆರಳಲ್ಲಿ ನುರಿದ ಮೇಲೆ ಕಣ್ಣು ಮುಟ್ಟಬೇಡಿ. ಬರೀ ನೀರಿನಲ್ಲಿ ಎಷ್ಟು ತೊಳೆದರೂ ಕೈಯ ಖಾರ ಹೋಗುವುದಿಲ್ಲ. ಮೊದಲು ಕೈಗೆ ಒಂದು ತೊಟ್ಟು ಎಣ್ಣೆ ತಿಕ್ಕಿಕೊಳ್ಳಿ, ಸೋಪು ಆಮೇಲೆ.